ಬಡ್ತಿ ಕೇಳಲು ನಾಚಿಕೆ ಯಾಕೆ?

ಬೆಳಗ್ಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಡುವ ಬಸ್ಸುಗಳಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಶೋರೂಂನಲ್ಲಿ ಲೆಕ್ಕ ಬರೆಯುವವರು, ಲ್ಯಾಬ್‌ನಲ್ಲಿ ದುಡಿಯುವವರು, ಖಾಸಗಿ ಶಾಲೆಯಲ್ಲಿ ಪಾಠ ಮಾಡುವವರು. ಐದಾರು ವರ್ಷವಾದರೂ ಅದೇ ಕುರ್ಚಿ, ಹೆಚ್ಚುಕಮ್ಮಿ ಅದೇ ಸಂಬಳ. ಹೊಸಬರಿಗೆ ಕೆಲಸ ಕಲಿಸುವುದು ಇವರು, ಮೇಲಿನ ಹುದ್ದೆ ಇನ್ನೊಬ್ಬರಿಗೆ. ಮನೆಯಲ್ಲಿ ಹೇಳಿಕೊಂಡರೆ "ಇದ್ದದ್ದು ಬಿಡಬೇಡ ಮೋನೆ" ಅಂತಾರೆ ಉಮ್ಮ. "ಬಿಟ್ಟಾಕು, ಗಲ್ಫಿಗೆ ಬಾ" ಅಂತಾರೆ ಗೆಳೆಯರು. "ಮಾಲಕರ ಹತ್ತಿರ ಒಮ್ಮೆ ಕೇಳಿದೆಯಾ?" ಅನ್ನುವವರು ಮಾತ್ರ ಯಾರೂ ಇಲ್ಲ.

ನಾವು ವ್ಯಾಪಾರದವರು. ಘಟ್ಟ ಹತ್ತಿ ಬಂದ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಅಡಿಕೆಯೋ ಮೀನೋ ಹೋಟೆಲೋ, ತಮ್ಮ ಗಲ್ಲಾಕ್ಕೆ ತಾವೇ ಯಜಮಾನರು. ಒಂದು ಮೂಟೆ ಅಡಿಕೆಗೆ ಗಂಟೆಗಟ್ಟಲೆ ಚೌಕಾಸಿ ಮಾಡುವ ನಾವು, ನಮ್ಮ ದುಡಿಮೆಗೆ ಬೆಲೆ ಕೇಳುವಾಗ ತಲೆ ತಗ್ಗಿಸುತ್ತೇವೆ. ಕೇಳುವುದೆಂದರೆ ಬೇಡುವುದಲ್ಲ.

ಆದರೆ ಕೇಳುವ ಮೊದಲು ಸಂಸ್ಥೆಯ ಸ್ಥಿತಿ ನೋಡಬೇಕು. ಭದ್ರಾವತಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರ ಕಾಗದದ ಕಾರ್ಖಾನೆ. ಆ ಗೇಟಿನೊಳಗೆ ಕಾಲಿಟ್ಟರೆ ನಿವೃತ್ತಿವರೆಗೆ ಚಿಂತೆಯಿಲ್ಲ ಅಂತ ಊರೇ ನಂಬಿತ್ತು. ಎಂಪಿಎಂ ಯಂತ್ರಗಳು ನಿಂತು ವರ್ಷಗಳೇ ಆದವು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಕಾರ್ಮಿಕರು ಹೋರಾಟಕ್ಕಿಳಿದರು, ಆಗಸ್ಟ್‌ನಲ್ಲಿ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಬಾಗಿಲು ಮುಚ್ಚುವ ಅಂಗಡಿಯಲ್ಲಿ ಮ್ಯಾನೇಜರ್ ಆಗಿ ಏನು ಪ್ರಯೋಜನ? ಅಂಥ ಕಡೆ ಬಡ್ತಿಗಿಂತ ಬೇರೆ ಕೆಲಸ ಹುಡುಕುವುದೇ ಮೇಲು.

ಸಂಸ್ಥೆ ಬೆಳೆಯುತ್ತಿದೆಯಾ? ಹಾಗಾದರೆ ಕೇಳಿ. ಸೇರಿದಾಗ ಇದ್ದ ಕೆಲಸ ಏನು, ಈಗ ಹೆಚ್ಚಾದದ್ದು ಏನು, ಬೇಕಾದ ಹುದ್ದೆ ಯಾವುದು ಅಂತ ಒಂದು ಪುಟ ಬರೆದು ಕೊಡಿ. "ನೋಡೋಣ" ಅಂದರೆ "ಯಾವಾಗ?" ಅನ್ನಿ. ಮನಸ್ಸಿನಲ್ಲೇ ಮೂರು ತಿಂಗಳ ಗಡುವು ಇಟ್ಟುಕೊಂಡು, ಸದ್ದಿಲ್ಲದೆ ಬೇರೆ ಕಡೆಯೂ ವಿಚಾರಿಸಿ.

ಉಮ್ಮನ ಹೆದರಿಕೆಯೂ ಸುಳ್ಳಲ್ಲ. ಸಾಲದ ಕಂತು ಇರುತ್ತದೆ, ತಂಗಿಯ ಮದುವೆ ಇರುತ್ತದೆ. ಹಾಗಾಗಿ ಹೊಸ ಕೆಲಸದ ನೇಮಕಾತಿ ಪತ್ರ ಕೈಗೆ ಬರದೆ ರಾಜೀನಾಮೆ ಬೇಡ. ಹತ್ತು ಜನರಿಗಿಂತ ಕಡಿಮೆಯಿಲ್ಲದ ಸಂಸ್ಥೆಯಲ್ಲಿ ಕಾಯಂ ನೌಕರನಿಗೆ ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಸಿಗುತ್ತದೆ; ನಾಲ್ಕೈದು ತಿಂಗಳು ಬಾಕಿಯಿದ್ದರೆ ತಡೆದು ಹೊರಡಿ. ಪಿಎಫ್ ಹಣ ತೆಗೆದು ಖರ್ಚು ಮಾಡಬೇಡಿ, ಹೊಸ ಕಡೆಗೆ ವರ್ಗಾಯಿಸಿಕೊಳ್ಳಿ.

ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ತಪ್ಪೇ ಹೆಚ್ಚು. "ಹೇಗೂ ಮದುವೆಯಾಗಿ ಹೋಗುವವಳು, ಬಡ್ತಿ ಯಾಕೆ?" ಅಂತ ನಾವೇ ಅಂದರೆ ಮಾಲಕರು ಅನ್ನದೇ ಇರುತ್ತಾರೆಯೇ?

ಮನೆಯವರು ಕೂತು ಮಶೂರ ಮಾಡೋಣ, ಇಸ್ತಿಖಾರ ನಮಾಜೂ ಇರಲಿ. ಆಮೇಲೆ ಮಾಲಕರ ಮುಂದೆ ಹೋಗಿ ನಿಂತು ಕೇಳಲೇಬೇಕು. ಕೇಳದೆ ಕೊರಗುವುದು ಸಬ್ರ್ ಅಲ್ಲ.