ಸ್ಕೂಬಾ ನಮ್ಮ ರೊಕ್ಕಕ್ಕೂ ಸಿಗುತ್ತದೆ

ಗುಳೆ ಹೋಗುವಾಗ ನಮಗೆ ಬೆಂಗಳೂರು ದೂರ ಅನ್ನಿಸುವುದಿಲ್ಲ. ಸಮುದ್ರದೊಳಗೆ ಇಳಿದು ಮೀನು ನೋಡಿ ಬರೋಣ ಅಂದರೆ ಮಾತ್ರ ‘ಅದು ರೊಕ್ಕ ಇದ್ದವರ ಆಟ’ ಅಂತೀವಿ. ಈ ಮಾತು ನಾವು ಒಪ್ಪುವುದಿಲ್ಲ.

ಸ್ಕೂಬಾಕ್ಕೆ ಅಂಡಮಾನಿಗೇ ಹೋಗಬೇಕಿಲ್ಲ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 20 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ದೇವದುರ್ಗದಿಂದ ಹುಬ್ಬಳ್ಳಿ ಮುಟ್ಟಿ, ಅಲ್ಲಿಂದ ಘಟ್ಟ ಇಳಿಯಬೇಕು. ಸರ್ಕಾರಿ ಸಾದಾ ಬಸ್ಸಾದರೆ, 2023ರಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ರೊಕ್ಕವಿಲ್ಲ; ಗಂಡ-ಹೆಂಡತಿ ಹೋದರೆ ಬಸ್ ಖರ್ಚು ಅರ್ಧ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಭತ್ತದ ಕೊಯ್ಲು ಮುಗಿಸಿ, ಜನವರಿಯಲ್ಲಿ, ಶನಿವಾರ-ಭಾನುವಾರ ಬಿಟ್ಟು ಹೋಗಿ.

ಡೈವಿಂಗಿಗೆ ತಲೆಗೆ ಕೆಲವು ಸಾವಿರ ಬೇಕೇ ಬೇಕು. ಬಸ್ಸಿನಲ್ಲಿ, ರೂಮಿನಲ್ಲಿ ಉಳಿಸಿ, ಅದರಲ್ಲಿ ಮಾತ್ರ ಬೇಡ. ಕರೆದೊಯ್ಯುವವರಿಗೆ ಸರ್ಟಿಫಿಕೇಟ್ ಇದೆಯಾ, ಗಾಳಿ ಎದ್ದು ದೋಣಿ ಬಿಡದಿದ್ದರೆ ರೊಕ್ಕ ವಾಪಸ್ ಕೊಡ್ತಾರಾ ಅಂತ ಮುಂಗಡ ಹಾಕುವ ಮೊದಲೇ ಕೇಳಿ. ಈಜು ಬರದವರನ್ನೂ ತರಬೇತುದಾರರು ಹಿಡಿದುಕೊಂಡೇ ಇಳಿಸುತ್ತಾರೆ. ದಮ್ಮು, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಹೊರಡಬೇಡಿ. ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಇನ್ನೊಂದು ಮಾತು: ಅಲ್ಲಿ ಉಸಿರು ಬಿಗಿಹಿಡಿಯುತ್ತೀರಿ, ಇಲ್ಲಿ ಹಾಗೆ ಹಿಡಿದು ಮೇಲೆ ಬಂದರೆ ಶ್ವಾಸಕೋಶಕ್ಕೇ ಪೆಟ್ಟು. ಆಡುತ್ತಲೇ ಇರಬೇಕು ಉಸಿರು.