ತಾಯಿ ಅಂದುಬಿಟ್ಟರೆ ಸಂಬಳ ಕೊಡಬೇಕಾಗಿಲ್ಲ

ಅಂಕೋಲೆ ತಾಲ್ಲೂಕಿನ ಅಗಸೂರು. ಅಲ್ಲಿಯ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಒಬ್ಬ ಹೆಂಗಸು ಸುಮಾರು 35 ವರ್ಷ ದಿನಗೂಲಿ ಮಾಡಿದರು. ಹೊನ್ನಳ್ಳಿಯ ತುಳಸಿ ಗೌಡ, ಹಾಲಕ್ಕಿ ಒಕ್ಕಲಿಗರು. 2021ರ ನವೆಂಬರಿನಲ್ಲಿ ಆಕೆ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡಾಗ ದೇಶವೇ ಚಪ್ಪಾಳೆ ತಟ್ಟಿತು. 2024ರ ಡಿಸೆಂಬರ್ 16ರಂದು ತೀರಿಕೊಂಡಾಗ ದೊಡ್ಡವರೆಲ್ಲ ಕಣ್ಣೀರು ಸುರಿಸಿದರು. ವೃಕ್ಷಮಾತೆ ಅಂದರು, ಕಾಡಿನ ವಿಶ್ವಕೋಶ ಅಂದರು. ಒಂದು ಮಾತು ಮಾತ್ರ ಅವರ ಬಾಯಿಂದ ಸಲೀಸಾಗಿ ಬರಲಿಲ್ಲ. ವಿಜ್ಞಾನಿ.

ಯಾಕೆ ಬರಲಿಲ್ಲ?

ವಿಜ್ಞಾನ ಅಂದರೆ ಏನು ಸ್ವಾಮಿ? ಕಣ್ಣಿಟ್ಟು ನೋಡುವುದು, ಹೀಗಿರಬಹುದು ಅಂತ ಊಹಿಸುವುದು, ಮಾಡಿ ನೋಡುವುದು, ತಪ್ಪಿದರೆ ತಿದ್ದಿಕೊಳ್ಳುವುದು. ಕಾಡಿನ ನೂರು ಮರಗಳ ನಡುವೆ ಬೀಜಕ್ಕೆ ತಕ್ಕ ತಾಯಿಮರ ಯಾವುದು, ಅದರ ಬೀಜವನ್ನು ಯಾವ ಹದದಲ್ಲಿ ಆರಿಸಬೇಕು ಎಂಬುದನ್ನು ಆಕೆ ಬಲ್ಲವರಾಗಿದ್ದರು. ಇದು ಸಣ್ಣ ಮಾತಲ್ಲ. ಸಾಗವಾನಿ ಬೀಜದ ಚಿಪ್ಪು ಗಟ್ಟಿ, ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಿದರೇ ಚೆನ್ನಾಗಿ ಮೊಳೆಯುವುದು. ಹಲಸಿನ ಬೀಜವನ್ನು ಹಾಗೆ ಒಣಗಿಸಿದಿರೋ, ಸತ್ತಿತು. ಒಂದಕ್ಕೆ ಮದ್ದು, ಇನ್ನೊಂದಕ್ಕೆ ವಿಷ. ಇದನ್ನೇ ಬಿಳಿ ಕೋಟು ಹಾಕಿದವನು ಇಂಗ್ಲಿಷಿನಲ್ಲಿ ಬರೆದರೆ ಸಂಶೋಧನೆ, ಸೀರೆ ಉಟ್ಟವಳು ಮಣ್ಣಲ್ಲಿ ಮಾಡಿ ತೋರಿಸಿದರೆ ಪವಾಡ!

ಈ ವಿಜ್ಞಾನಿಯ ಮೊದಲ ಗುರು ಯಾರು? ಹೆತ್ತವ್ವ. ಅಪ್ಪ ಸತ್ತ ಮೇಲೆ ಅವ್ವನ ಬೆನ್ನಿಗೇ ನರ್ಸರಿ ಕೂಲಿಗೆ ಬಂದ ಹುಡುಗಿ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಆ ಅವ್ವನಿಗೆ ಗುರು ಅಂತ ಯಾವ ಸಭೆಯಲ್ಲಿ ಹಾರ ಹಾಕಿದ್ದಾರೆ? ಆಮೇಲೆ ಅರಣ್ಯಾಧಿಕಾರಿ ಅ.ನ. ಯಲ್ಲಪ್ಪ ರೆಡ್ಡಿಯವರಂಥವರು ಬಂದರು. ಆ ಕೈಯ ಬಲ್ಮೆ ಕಂಡರು, ಹೊರಗೆ ಹೇಳಿದರು. ಒಳ್ಳೆಯದೇ. ಆದರೆ ಸಾಹೇಬರ ಕಣ್ಣಿಗೆ ಬೀಳುವುದೇ ಭಾಗ್ಯ ಅನ್ನಿಸುವ ವ್ಯವಸ್ಥೆ ಎಂಥದು? ಸಾಹೇಬರಿಗೆ ವರ್ಗಾವಣೆ ಉಂಟು. ಹೊಸಬರು ಬಂದು ಕೇಳಿದರೆ ಆ ತಿಳಿವಳಿಕೆಗೆ ಬೆಲೆ, ಕೇಳದಿದ್ದರೆ ಗುದ್ದಲಿ, ಬುಟ್ಟಿ.

ಓದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅನ್ನುವವರಿಗೆ ಬೆಂಗಳೂರಿನ ಒಂದು ಕಥೆ ನೆನಪು ಮಾಡುತ್ತೇನೆ. 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗಳಾದ ಕಮಲಾ ಭಾಗವತ್ ಟಾಟಾ ವಿಜ್ಞಾನ ಸಂಸ್ಥೆಗೆ ಬಂದರು. ನಿರ್ದೇಶಕರಾಗಿದ್ದ ನೊಬೆಲ್ ವಿಜೇತ ಸಿ.ವಿ. ರಾಮನ್ ಹೆಣ್ಣು ಅನ್ನುವ ಕಾರಣಕ್ಕೇ ಬೇಡ ಅಂದರು. ಹಟ ಹಿಡಿದ ಮೇಲೆ ಒಂದು ವರ್ಷ ಪರೀಕ್ಷೆಗಿಟ್ಟುಕೊಂಡರು. ಕಲಿಸಿದವರು ಶ್ರೀನಿವಾಸಯ್ಯ ಎಂಬ ಮೇಷ್ಟ್ರು. ಹಾಲು, ಬೇಳೆಕಾಳಿನ ಪ್ರೋಟೀನಿನ ಮೇಲೆ ಕಮಲಾ ಮಾಡಿದ ಕೆಲಸ ನೋಡಿ ರಾಮನ್ ಒಪ್ಪಿದರು, ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಒಬ್ಬ ಗುರು ಬಾಗಿಲು ಹಾಕಿದ, ಇನ್ನೊಬ್ಬ ಗುರು ಕಲಿಸಿದ. ಆಕೆ ಮೇಲ್ಜಾತಿಯವರು, ತಂದೆಯೂ ಅದೇ ಸಂಸ್ಥೆಯಲ್ಲಿ ಓದಿದವರು. ಅಂಥವರನ್ನೇ ಹೊಸ್ತಿಲಲ್ಲಿ ಒಂದು ವರ್ಷ ನಿಲ್ಲಿಸಿದರು. ಅಗಸೂರಿನವಳನ್ನು ಎಷ್ಟು ನಿಲ್ಲಿಸಿದರು? 35 ವರ್ಷ!

ಏಕಲವ್ಯನ ಹೆಬ್ಬೆರಳನ್ನು ದ್ರೋಣ ಒಮ್ಮೆ ಕೇಳಿದ. ದಿನಗೂಲಿಯವರ ಹಾಜರಿ ಪುಸ್ತಕ ದಿನಾ ಕೇಳುತ್ತದೆ. ಎಷ್ಟು ವರ್ಷ ಹೆಬ್ಬೆಟ್ಟು ಒತ್ತಿದರೂ ಅದರಿಂದಲೇ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಅಂತ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟು ಹೇಳಿತು. ಆ ಉಮಾದೇವಿ ಮೊಕದ್ದಮೆ ನಮ್ಮ ಕರ್ನಾಟಕದ್ದೇ. 2012ರಲ್ಲಿ ರಾಜ್ಯ ಸರ್ಕಾರ ದಿನಗೂಲಿ ನೌಕರರಿಗಾಗಿ ಒಂದು ಕಾಯಿದೆ ತಂದಿತು. ಅರವತ್ತರವರೆಗೆ ದುಡಿಯಿರಿ ಅಂದಿತು, ಕಾಯಂ ಅನ್ನಲಿಲ್ಲ.

'ತುಳಸಿಯವರನ್ನು ಕೊನೆಗೆ ಕಾಯಂ ಮಾಡಿದರಲ್ಲ, ಇನ್ನೇನು?' ಅಂತ ಕೇಳುವವರಿದ್ದಾರೆ. ಮಾಡಿದರು, ಹದಿನೈದು ವರ್ಷ ಆ ನೌಕರಿ ಉಂಡರು. ಅದಕ್ಕೆ ಮೊದಲಿನ 35 ವರ್ಷಕ್ಕೆ ಯಾರು ಲೆಕ್ಕ ಕೊಡುತ್ತೀರಿ? ಆಕೆಯ ಪಕ್ಕದಲ್ಲೇ ಕೂತು ಚೀಲಕ್ಕೆ ಮಣ್ಣು ತುಂಬಿದವರ ಹೆಸರು ನಿಮ್ಮಲ್ಲಿ ಯಾರಿಗೆ ಗೊತ್ತು? ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಕೂಗು ಆಕೆ ಸಾಯುವ ದಿನಕ್ಕೂ ಕೂಗಾಗಿಯೇ ಇತ್ತು.

ತಾಯಿ ಅನ್ನುವುದು ದೊಡ್ಡ ಮಾತು, ಹೌದು. ಆದರೆ ಈ ವ್ಯವಸ್ಥೆ ಅದನ್ನು ಆಡುವುದು ಜುಗ್ಗತನದಿಂದ. ವಿಜ್ಞಾನಿ ಅಂದರೆ ಹುದ್ದೆ ಕೊಡಬೇಕು, ಭಡ್ತಿ ಕೊಡಬೇಕು, ಪಿಂಚಣಿ ಕೊಡಬೇಕು, ಬರೆದ ಪುಸ್ತಕದಲ್ಲಿ ಹೆಸರು ಹಾಕಬೇಕು. ತಾಯಿ ಅಂದುಬಿಟ್ಟರೆ ಒಂದು ಶಾಲು ಸಾಕು.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರ ಹತ್ತಿರದ ನರ್ಸರಿಗೆ ಒಂದು ದಿನ ಹೋಗಿ. ಭಾಷಣ ಮಾಡಬೇಡಿ, ಕೂತು ಕೇಳಿ. ಯಾವ ಬೀಜ ಯಾವಾಗ ಆರಿಸುತ್ತೀರಿ ಅಂತ ಕೇಳಿ. ಹೇಳಿದವರ ಹೆಸರಿನ ಸಮೇತ ಬರೆದುಕೊಳ್ಳಿ. ಎಷ್ಟು ವರ್ಷದಿಂದ ಕೂಲಿ, ದಿನಕ್ಕೆ ಎಷ್ಟು ಅಂತಲೂ ಬರೆದುಕೊಳ್ಳಿ. ಆ ಕಾಗದ ಹಿಡಿದು ಕಚೇರಿಯ ಮುಂದೆ ನಿಲ್ಲಿ. ಇನ್ನೊಬ್ಬ ತುಳಸಿ ಸತ್ತ ಮೇಲೆ ಹೂ ಹಾಕುವ ಸರದಿಯಲ್ಲಿ ನಿಲ್ಲುವುದಕ್ಕಿಂತ ಅದು ಮರ್ಯಾದೆಯ ಕೆಲಸ.