ಹಡಗಿಗೆ ವಿನಾಯಿತಿ ಇರಲಿ, ಹೊಣೆಗೆ ಬೇಡ

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇನಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಬಳಿ ಕಡಲಿನಲ್ಲಿ, ಸುಮಾರು 60 ಮೀಟರ್ ಆಳದಲ್ಲಿ. ನೌಕಾಪಡೆಯ ಹಡಗು ಡಿಕ್ಕಿ ಹೊಡೆದಿರಬೇಕೆಂಬುದು ಮೀನುಗಾರರ ಶಂಕೆ. ಅದು ರುಜುವಾತಾಗಿಲ್ಲ. ಆದರೆ ಇಂಥ ಶಂಕೆಯನ್ನು ಒರೆಗೆ ಹಚ್ಚಲು ನೊಂದವರಿಗೆ ಸಲೀಸಾದ ದಾರಿಯೂ ಇಲ್ಲ.

ಖಾಸಗಿ ಸರಕು ಹಡಗು ಡಿಕ್ಕಿ ಹೊಡೆದರೆ ಕಾನೂನು ಬಲವಾಗಿದೆ. 2017ರ ಅಡ್ಮಿರಾಲ್ಟಿ ಕಾಯ್ದೆಯಡಿ ಕರ್ನಾಟಕ ಹೈಕೋರ್ಟ್ ಆ ಹಡಗನ್ನೇ ಬಂದರಿನಲ್ಲಿ ತಡೆಹಿಡಿಯಬಹುದು. ಮಾಲೀಕ ಭದ್ರತೆ ಒದಗಿಸಿದ ಮೇಲಷ್ಟೇ ಅದಕ್ಕೆ ಬಿಡುಗಡೆ. ಆದರೆ ಯುದ್ಧನೌಕೆ ಮತ್ತು ವಾಣಿಜ್ಯೇತರ ಕೆಲಸದ ಸರ್ಕಾರಿ ಹಡಗುಗಳನ್ನು ಅದೇ ಕಾಯ್ದೆ ಹೊರಗಿಟ್ಟಿದೆ.

ಗಡಿ ಕಾಯುವ ನೌಕೆಯನ್ನು ಕಟ್ಟಿಹಾಕಬಾರದು ಎಂಬುದು ಸರಿ. ಹಾಗೆಂದು ಪರಿಹಾರದ ಹೊಣೆಯೂ ಮಸುಕಾಗಬೇಕೇ?

ಉಳಿಯುವುದು ಸಿವಿಲ್ ದಾವೆ. ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್ ಕೊಟ್ಟು ಹೂಡಿದರೂ ‘ಇದು ಸಾರ್ವಭೌಮ ಕಾರ್ಯ’ ಎಂಬ ವಾದ ಎದುರಾಗುತ್ತದೆ. ಈ ವಾದದ ಬೇರು ಕೋಲ್ಕತ್ತದ ಹಡಗುಕಟ್ಟೆಯಲ್ಲೇ ಇದೆ. ಕಿದ್ದರ್‌ಪುರದ ಸರ್ಕಾರಿ ಕಟ್ಟೆಯ ಕೂಲಿಗಳು ಹಬೆ ಹಡಗಿನ ರಿಪೇರಿಗಾಗಿ ಭಾರಿ ಕಬ್ಬಿಣದ ತುಂಡು ಹೊತ್ತು ರಸ್ತೆಯಲ್ಲಿ ಸಾಗುತ್ತಿದ್ದರು. ಹಿಂದಿನಿಂದ ಸಾರೋಟು ಬಂದಾಗ ಆ ತುಂಡನ್ನು ಧೊಪ್ಪನೆ ಕೆಳಗೆ ಹಾಕಿದರು. ಸದ್ದಿಗೆ ಕುದುರೆಗಳು ಬೆದರಿ ಒಂದಕ್ಕೆ ಗಾಯವಾಯಿತು. ಸಾರೋಟಿನ ಒಡೆಯರಾದ ಪಿ ಅಂಡ್ ಒ ಹಡಗು ಕಂಪನಿ ಕೇಳಿದ್ದು 350 ರೂಪಾಯಿ. ಯಾರಾದರೂ ಮಾಡಬಹುದಾದ ವ್ಯವಹಾರಕ್ಕೆ ಸರ್ಕಾರ ಹೊಣೆ, ಸಾರ್ವಭೌಮ ಅಧಿಕಾರದ ಕೆಲಸಕ್ಕೆ ಅಲ್ಲ ಎಂದು 1861ರಲ್ಲಿ ತೀರ್ಪಾಯಿತು. 1965ರ ಕಸ್ತೂರಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ಗೆರೆ ಹಿಡಿಯಿತು. 1994ರ ನಾಗೇಂದ್ರರಾವ್ ತೀರ್ಪು ಗೆರೆಯನ್ನು ಸಡಿಲಿಸಿದರೂ ದೇಶರಕ್ಷಣೆಯನ್ನು ವಿನಾಯಿತಿಯೊಳಗೇ ಉಳಿಸಿತು. ಮೂಲಭೂತ ಹಕ್ಕಿನಡಿ ರಿಟ್ ಹಾಕಬಹುದು, ನಿಜ. ಆದರೆ ನಡುರಾತ್ರಿ ನಡುಗಡಲಿನಲ್ಲಿ ನಡೆದದ್ದೇನು ಎಂಬುದೇ ವಿವಾದವಾದಾಗ ರಿಟ್‌ನಲ್ಲಿ ಸಾಕ್ಷ್ಯ ವಿಚಾರಣೆ ಕಷ್ಟ.

ಇದು ಕರಾವಳಿಯವರ ಚಿಂತೆ ಮಾತ್ರವಲ್ಲ. ಚಳ್ಳಕೆರೆಯ ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವಿದೆ. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಡ್ರೋನ್ ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು. 2023ರ ಆಗಸ್ಟ್‌ನಲ್ಲಿ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿತ್ತು. ಪ್ರಾಣಹಾನಿ ಆಗಲಿಲ್ಲ. ನಾಳೆ ಮೊಳಕಾಲ್ಮೂರಿನ ಶೇಂಗಾ ಹೊಲದಲ್ಲಿ ಕಳೆ ಕೀಳುವವರ ಮೇಲೆ ಇಂಥದ್ದು ಬಿದ್ದರೆ ಅವರೂ ಮಲ್ಪೆಯವರ ಹಾಗೆ ‘ಸಾರ್ವಭೌಮ’ ವಾದವನ್ನೇ ಎದುರಿಸಬೇಕು.

ಅಮೆರಿಕ 1920 ಮತ್ತು 1925ರ ಕಾಯ್ದೆಗಳಲ್ಲಿ ಸರ್ಕಾರಿ ಹಡಗಿನ ಜಪ್ತಿ ತಡೆದರೂ ಸರ್ಕಾರದ ಮೇಲೆ ದಾವೆ ಹೂಡಲು ಅವಕಾಶ ಕೊಟ್ಟಿತು. ಬ್ರಿಟನ್ 1947ರಲ್ಲಿ ಪ್ರಭುತ್ವದ ಹೊಣೆಯನ್ನು ಕಾನೂನಾಗಿಸಿತು. ಭಾರತದ ಕಾನೂನು ಆಯೋಗ ತನ್ನ ಮೊದಲ ವರದಿಯಲ್ಲೇ, 1956ರಲ್ಲಿ, ಇಂಥ ಕಾಯ್ದೆ ಬೇಕೆಂದಿತು. 1965 ಮತ್ತು 1967ರಲ್ಲಿ ಬಂದ ಮಸೂದೆಗಳು ಬಿದ್ದುಹೋದವು. ಸಂಸತ್ತು ಆ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಬೇಕು: ನೌಕೆಗೆ ಜಪ್ತಿಯಿಂದ ರಕ್ಷಣೆ ಇರಲಿ, ಪರಿಹಾರದ ದಾವೆಯಲ್ಲಿ ಸಾರ್ವಭೌಮ ಕಾರ್ಯದ ನೆಪ ಬೇಡ, ಹಡಗಿನ ದಿನಚರಿ ಮತ್ತು ರೇಡಾರ್ ದಾಖಲೆಗಳು ಅಗತ್ಯವಿದ್ದರೆ ಮೊಹರು ಮಾಡಿದ ಲಕೋಟೆಯಲ್ಲಾದರೂ ನ್ಯಾಯಾಧೀಶರ ಮುಂದೆ ಬರಲಿ.